ಚಿತೆಗೊಂದು ಮಾವಿನ ಮರ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತುಂಗಾ ಅಪ್ಪನ ಬಲಗೈಯ ಉಗುರುಗಳನ್ನು ಉಜ್ಜುತ್ತಿದ್ದಳು. ಗ್ರೀಸು ಬಿಡುತ್ತಿರಲಿಲ್ಲ. ಹೆಣದ ಮೇಲೆ ಹೊದೆಸಿದ ಬಿಳಿ ಬಟ್ಟೆ ಹೊಟ್ಟೆಯ ಮೇಲೆ, ಮೊಣಕಾಲ ಮೇಲೆ ಸರಿಯಾಗಿ ನಿಂತಿತ್ತು. ಎದೆಯ ಮೇಲೆ ಮಾತ್ರ ಹೊಂಡಕ್ಕೆ ಇಳಿದ ಹಾಗೆ ಕುಸಿದಿತ್ತು. ಹಿಂದಿನ ದಿನ ಸಂಜೆ ಗಂಗೊಳ್ಳಿಯಲ್ಲಿ ಆ ಎದೆಯ ಮೇಲೆ ಒಂದು ಬಸ್ಸು ಕೂತಿತ್ತು.

"ಸಾಕ್ ಬಿಡ್ ಮಗಾ," ಗೋಡೆಗೊರಗಿದ್ದ ಅಮ್ಮ ವನಜ ಹೇಳಿದಳು. "ನಮ್ ಧಾರೆ ದಿನವೇ ಹೋಯ್ಲಿಲ್ಲ ಅದ್. ಇವತ್ ಹೋತ್ತಾ?"

ಬೀಜಾಡಿಯ ಆ ಮನೆಯ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಮಾಬುಕಳ ಹೊಳೆಯಿಂದ ಶಿರೂರಿನ ತನಕ ಬಸ್ಸು ಓಡಿಸುವವರೆಲ್ಲ ಬಂದಿದ್ದರು. ಮೋಟಾರು ಸಾಮಾನಿನ ಪದ್ದಣ್ಣ ಸತ್ತ ಎಂದರೆ ಸುಮ್ಮನೆ ಮನೆಯಲ್ಲಿ ಕೂರುವುದಕ್ಕೆ ಯಾರಿಗೂ ಆಗಲಿಲ್ಲ. ಆದರೆ ಅಳುವವರು ಯಾರೂ ಇರಲಿಲ್ಲ. ಕಿಟಕಿಯ ಸರಳಿನಾಚೆಗೆ ಅವರ ಮಾತು ತುಂಗಾಳಿಗೆ ಕೇಳಿಸುತ್ತಿತ್ತು.

"ಹ್ವಾಯ್, ಸತ್ತದ್ ಹೌದಾ ಅಂದೇಳಿ ಕಾಂಬುಕೆ ಬಂದ್ಯಾ?"

"ನಾನೊಬ್ಬನೇ ಅಲ್ಲ ಮಾರಾಯ. ಬೈಂದೂರ್ ಲೈನಿನ ಬಸ್ಸೆಲ್ಲ ಇವತ್ ನಿಂತಿತ್. ದುಃಖಕ್ಕಲ್ಲ, ನಂಬಿಕಿ ಬಾರ್ದೆ."

"ಮುಟ್ಟಿ ಕಂಡ್ಯಾ?"

"ಮುಟ್ಟುಕೆ ಹೆದ್ರಿಕಿ. ಕಣ್ ಬಿಟ್ರೆ?"

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಗಂಗೊಳ್ಳಿಯ ರಾಜೀವ ಮಾತ್ರ ಕಂಬದ ಬುಡದಲ್ಲಿ ತಲೆ ತಗ್ಗಿಸಿ ಕೂತಿದ್ದ. ಪದ್ದಣ್ಣನ ಎದೆಯ ಮೇಲೆ ಕೂತದ್ದು ಅವನ ಬಸ್ಸೇ. ಕೇಳಿದವರಿಗೆಲ್ಲ ಅವನು ಬೆಳಗಿನಿಂದ ಒಂದನ್ನೇ ಹೇಳುತ್ತಿದ್ದ. "ಮಂಗ್ಳೂರಿಂದ ಒಂದ್ ಬೇರಿಂಗ್ ತರ್ಸಿದ್ದೆ, ಅಷ್ಟೇ ನನ್ ತಪ್ಪ್. ಸುದ್ದಿ ಸಿಕ್ಕಿ ಪದ್ದಣ್ಣ ಬಂದ್ರ್. ಕಪಾಳಕ್ ಹೊಡ್ದ್ರ್. 'ನಿನ್ ಬಸ್ಸಿನ ಆ್ಯಕ್ಸಲ್ ನನ್ನದ್, ಬಿಚ್ಚಿ ತಕಂಡ್ ಹೋತೆ' ಅಂದ್ರ್. ಆಳಿಗೆ ಹೇಳುಕೂ ತಾಳ್ಮಿ ಇಲ್ಲೆ, ಅವ್ರೇ ಅಡಿಗ್ ಹೊಕ್ರ್. ಸಿಟ್ಟಂಗೆ ಸುತ್ತಿಗಿ ಬೀಸಿದ್ ಬೀಸಿದ್ದೇ. ಬಸ್ಸಿಗ್ ಆಧಾರಕ್ಕೆ ಕೊಟ್ಟ ಮರದ ಕುಟ್ಟಿ ಹಾರಿ ಹೋಯ್ತ್."

ಸರಕಾರಿ ಡಾಕ್ಟರು ನೋಡಿ ಅದನ್ನೇ ಬರೆದುಕೊಟ್ಟಿದ್ದರು. ಹೆಣ ರಾತ್ರಿಯೇ ದೋಣಿಯಲ್ಲಿ ಹೊಳೆ ದಾಟಿ ಬಂದಿತ್ತು.

ಅಪ್ಪನ ಅಣ್ಣ ಸುಬ್ಬಯ್ಯ ಅಂಗಳದಿಂದ ಮೇಲೆ ಬಂದ. "ಚಟ್ಟ ಆಯ್ತ್. ಮಾವಿನ ಮರ ಯಾವ್ದ್ ಕಡುದ್?"

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಆ ದಿನವೇ ಒಂದು ಮಾವಿನ ಮರ ಉರುಳಬೇಕು. ಹಸಿ ಮಾವಿನ ಕಟ್ಟಿಗೆಯ ಮೇಲೆ ಮಲಗಿಸಿ ಸುಟ್ಟರೇನೇ ಸತ್ತವರಿಗೆ ಸದ್ಗತಿ ಸಿಕ್ಕಂತೆ. ಆದರೆ ಪದ್ದಣ್ಣನ ಹಿತ್ತಿಲಿನಲ್ಲಿ ಮಾವಿರಲಿಲ್ಲ. ಬೀಜಾಡಿಯಲ್ಲೇ ಇರಲಿಲ್ಲ ಎನ್ನಬೇಕು. ಯುದ್ಧ ಬಂದು ಪೆಟ್ರೋಲು ಕಾಣೆಯಾದ ಮೇಲೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಊರೂರಿನ ಮಾವನ್ನು ಕಡಿಸಿ, ಸುಟ್ಟು, ಇದ್ದಿಲು ಮಾಡಿ ಬಸ್ಸುಗಳಿಗೆ ತಿನ್ನಿಸಿದವನು ಪದ್ದಣ್ಣನೇ.

"ಒಂದಿತ್ತಲ್ಲ," ಎಂದ ಅಂಗಳದಲ್ಲಿದ್ದ ಮುತ್ತ. ಅವನು ಅಪ್ಪನ ಬಲಗೈ ಬಂಟ. ಎಮ್ಮೆಯ ಹೆಗಲು, ಒಡೆದ ಮೂಗು. "ಆಚಿ ಮನಿ ಅಪ್ಪಿ ಹಿತ್ಲಿಂದ್."

"ಅದ್ ಬ್ಯಾಡ ಮುತ್ತ," ಸುಬ್ಬಯ್ಯನ ದನಿ ಇಳಿಯಿತು. "ಅದ್ರ್ ಬುಡದಗೆ ಆ ಹುಡ್ಗ ಇದ್ದ."

"ಹುಡ್ಗ ಇದ್ರೆ ಇರ್ಲಿ. ನಾವ್ ಕಡುದ್ ಮರ, ಹುಡ್ಗನ್ನ ಅಲ್ಲ."

ಮುತ್ತ ಕೊಡಲಿಯ ಬಾಯಿಯನ್ನು ಹೆಬ್ಬೆರಳಿನಿಂದ ನೋಡಿಕೊಂಡ. ತುಂಗಾ ಬಟ್ಟೆಯನ್ನು ಕೆಳಗಿಟ್ಟಳು.

*

ತುಂಗಾಳ ಅಜ್ಜಿ ಕಬ್ಬಿಣ ತಿನ್ನುವ ರಕ್ಕಸನ ಕತೆ ಹೇಳುತ್ತಿದ್ದಳು. ಒಂದಾನೊಂದು ಊರಿಗೆ ಅವನು ಬಂದದ್ದು ಹಸಿದ ಕೂಸಿನ ರೂಪದಲ್ಲಿ. ಯಾರೋ ಕನಿಕರದಿಂದ ಮುರುಕು ಸೂಜಿಯೊಂದನ್ನು ಕೊಟ್ಟರು. ತಿಂದ. ಮರುದಿನ ಕತ್ತಿ ಕೇಳಿದ, ಅದರ ಮರುದಿನ ನೇಗಿಲಿನ ಗುಳ. ತಿಂದಷ್ಟೂ ಬೆಳೆದ, ಬೆಳೆದಷ್ಟೂ ಹಸಿದ. ಊರಿನ ಕಬ್ಬಿಣವೆಲ್ಲ ಮುಗಿದ ಮೇಲೆ ಏನು ತಿಂದ ಅಜ್ಜಿ ಎಂದು ಕೇಳುವಷ್ಟರಲ್ಲಿ ಅಜ್ಜಿಗೇ ನಿದ್ದೆ ಬಂದುಬಿಡುತ್ತಿತ್ತು.

ಅಪ್ಪನೂ ಸಣ್ಣದರಿಂದಲೇ, ಒಂದು ಬುಟ್ಟಿಯಿಂದ ಶುರು ಮಾಡಿದವನು. ಬ್ರಹ್ಮಾವರದಿಂದ ಸಾಲಿಗ್ರಾಮಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸುಗಳಿಂದ ಉದುರಿದ ಬೋಲ್ಟು, ನಟ್ಟು, ಮುರಿದ ಸ್ಪ್ರಿಂಗಿನ ಪಟ್ಟಿ ಹೆಕ್ಕಿ, ತಿಕ್ಕಿ, ಅದೇ ಬಸ್ಸಿನವರಿಗೆ ಮಾರುತ್ತಿದ್ದ. ಈ ಸೀಮೆಯ ರಸ್ತೆಯನ್ನು ಹೊಳೆಗಳು ತುಂಡು ತುಂಡು ಮಾಡಿದ್ದವು. ಒಂದು ಹೊಳೆಯ ಬಸ್ಸು ಇನ್ನೊಂದು ಹೊಳೆ ದಾಟುತ್ತಿರಲಿಲ್ಲ. ಜನ ಇಳಿದು ದೋಣಿ ಹತ್ತಿ ಆಚೆ ದಡದ ಬಸ್ಸು ಹಿಡಿಯಬೇಕು. ಹಾಗಾಗಿ ಗಂಗೊಳ್ಳಿಯಲ್ಲಿ ಆ್ಯಕ್ಸಲ್ ಮುರಿದರೆ ಬಸ್ಸು ಅಲ್ಲೇ ಸಾಯಬೇಕು, ಇಲ್ಲವೇ ಸಾಮಾನು ದೋಣಿಯಲ್ಲಿ ಬರಬೇಕು. ಪದ್ದಣ್ಣನಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯಿತು. ಅವನು ಅಂಗಡಿಗಿಂತ ಮೊದಲು ದೋಣಿ ಹಿಡಿದ. ಯಾವ ಹೊಳೆಯಲ್ಲೂ ಅವನದ್ದಲ್ಲದ ಮೋಟಾರು ಸಾಮಾನು ದಾಟದ ಹಾಗೆ ಮಾಡಿದ. ದಾಟಿಸಿದ ಅಂಬಿಗನ ದೋಣಿಗೆ ಮರುದಿನ ತೂತು ಬೀಳುತ್ತಿತ್ತು.

ಯುದ್ಧ ಬಂದದ್ದೇ ಬಂದದ್ದು, ಬುಟ್ಟಿ ಕೊಟ್ಟಿಗೆಯಾಯಿತು, ಕೊಟ್ಟಿಗೆ ಕಾರ್ಖಾನೆಯಾಯಿತು. ಕುಲುಮೆಗಳು, ಚಮ್ಮಟಿಗಳು, ಎಣ್ಣೆ ಡ್ರಮ್ಮುಗಳನ್ನು ಬಡಿದು ಗ್ಯಾಸಿನ ಡ್ರಮ್ಮು ಮಾಡುವ ಸಾಲು, ಹಿಂದೆ ಮಾಡಿನ ಎತ್ತರಕ್ಕೆ ಇದ್ದಿಲಿನ ಗೋಣಿ. ಬೆಳಿಗ್ಗೆ ಅಪ್ಪ ತಲೆ ಆಡಿಸಿದರೆ ಬಸ್ಸು ಹೊರಡುತ್ತಿತ್ತು, ಇಲ್ಲವಾದರೆ ಇಲ್ಲ.

ತುಂಗಾ ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಸಾಲಿಗ್ರಾಮಕ್ಕೆ ಕರೆದುಕೊಂಡು ಹೋಗಿದ್ದ. ಅವಳ ಮಡಿಲಲ್ಲಿ ಮಿಠಾಯಿಯ ಪೊಟ್ಟಣವಿತ್ತು. ಅಲ್ಲಿ ನಿಂತಿದ್ದ ಒಂದು ಬಸ್ಸಿನ ಅಡಿ ಬಗ್ಗಿ ನೋಡಿದ ಅಪ್ಪ, ಡ್ರೈವರನ್ನು ಕರೆದು ಮೃದುವಾಗಿ ಕೇಳಿದ: "ಈ ಪಟ್ಟಿ ಯಾರ್ ಕೊಟ್ಟದ್?" ಡ್ರೈವರು ತೊದಲಿದ. "ಕೈ ಇಡ್ ಇಲ್ಲಿ," ಎಂದು ಮಡ್‌ಗಾರ್ಡನ್ನು ತೋರಿಸಿದ ಅಪ್ಪ. ಡ್ರೈವರು ನಿಜಕ್ಕೂ ಇಟ್ಟ. ಅದೇ ತುಂಗಾಳ ಮನಸ್ಸಿನಲ್ಲಿ ಉಳಿದದ್ದು. ಹೊಡೆದದ್ದಲ್ಲ, ಅವನು ತಾನಾಗಿ ಕೈ ಇಟ್ಟದ್ದು. ಆ ಕೈಯ ಮೇಲೆ ಅಪ್ಪನ ಸ್ಪ್ಯಾನರು ಬಿದ್ದಾಗ ಒಣ ಕಡ್ಡಿ ಮುರಿದಂಥ ಸದ್ದಾಯಿತು. ಅಪ್ಪ ವಾಪಸು ಬಂದು ಪಕ್ಕ ಕೂತು, "ಮಿಠಾಯಿ ತಿನ್ ಮಗಾ, ಕರಗ್ತ್," ಎಂದ.

*

ಅವರ ಹಿತ್ತಿಲಿಗೂ ಅಪ್ಪಿಯ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಗೇರು ಮರ ಮತ್ತು ಹೊಯಿಗೆ, ಬರಿಯ ಕಡಲ ಮರಳು. ತುಂಗಾ ತಲುಪುವಷ್ಟರಲ್ಲಿ ಮುತ್ತ ಸೊಂಟಕ್ಕೆ ಪಂಚೆ ಬಿಗಿದಾಗಿತ್ತು. ಅವನ ಜೊತೆ ಕುಲುಮೆಯ ಇನ್ನಿಬ್ಬರಿದ್ದರು. ಮರದ ತುಂಬ ಮಿಡಿ. ಬುಡದ ಒಂದು ಮಗ್ಗುಲಿಗೆ ಸೆಗಣಿ ಸಾರಿಸಿದ ಪುಟ್ಟ ದಿಬ್ಬ. ದಿಬ್ಬದ ಮೇಲೆ ಮಗುಚಿಟ್ಟ ಮಣ್ಣಿನ ಕುಡಿಕೆ.

ಅಪ್ಪಿ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಮೀನು ಹೊತ್ತು ಹೊತ್ತು ಕುಗ್ಗಿದ ಕುತ್ತಿಗೆ, ಕೈಯಲ್ಲಿ ಮೀನು ಕೊಯ್ಯುವ ಕತ್ತಿ.

"ಆಚಿಗ್ ಹೋಗ್ ಅಪ್ಪಿ," ಎಂದ ಮುತ್ತ. "ಧಣಿಗಳ್ ಬಿಸ್ಲಗೆ ಕಾಯ್ತಿದ್ರ್."

"ಕಾಯ್ಲಿ. ನನ್ ಮಗ ಒಂದ್ ಮಳಿಗಾಲ ಕಾದಿದ."

"ಸತ್ತವ್ರ್ ಮೇಲೆ ಹಟ ಸಾಧಿಸ್ತ್ಯಾ?"

"ಬದ್ಕಿದ್ದಾಗ ಸಾಧ್ಸುಕೆ ನೀವ್ ಬಿಟ್ರ್ಯಾ? ಕಾಗಿಗ್ ಹಾಕಿ ನಿಮ್ ಧಣಿನ. ಕಾಗಿಯೂ ಮುಟ್ಟುದಿಲ್ಲ, ಬಾಯೆಲ್ಲ ಗ್ರೀಸ್ ಆತ್ತ್!"

ಮುತ್ತ ಅವಳ ಕೆನ್ನೆಗೆ ಹೊಡೆದ. ಅವಳು ಬೀಳಲಿಲ್ಲ, ತಲೆ ಮರಕ್ಕೆ ಬಡಿದು ಮಿಡಿಗಳು ಉದುರಿದವು.

*

ಶೇಖರ ಅಪ್ಪಿಯ ಒಬ್ಬನೇ ಮಗ. ಗಂಗೊಳ್ಳಿ ಲೈನಿನಲ್ಲಿ ಕ್ಲೀನರಾಗಿದ್ದ. ಬೆಳಗಿನ ಜಾವ ಬಸ್ಸಿನ ಹಿಂದಿನ ಡ್ರಮ್ಮಿಗೆ ಇದ್ದಿಲು ತುಂಬಿ, ಕೆಂಡ ಹಾಕಿ, ಗಾಳಿಚಕ್ರ ತಿರುಗಿಸಿ ತಿರುಗಿಸಿ ಗ್ಯಾಸು ಏಳಿಸುವುದು ಅವನ ಕೆಲಸ. ಮಸಿ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿತ್ತು. "ಹ್ವಾಯ್ ಸಣ್ಣಮ್ಮ, ನಿಮ್ ಅಪ್ಪಯ್ಯನ ಡ್ರಮ್ಮಿಗ್ ಹಸ್ವು ಜಾಸ್ತಿ," ಎಂದು ಗೇರು ಮರದಡಿ ತುಂಗಾಳನ್ನು ನಗಿಸುತ್ತಿದ್ದ.

ಡ್ರಮ್ಮಿನ ಮುಚ್ಚಳದ ಸುತ್ತ ಬೆಂಕಿಗೆ ಜಗ್ಗದ ಕಲ್ನಾರಿನ ಹಗ್ಗ ಸುತ್ತಬೇಕು. ಯುದ್ಧದಲ್ಲಿ ಕಲ್ನಾರು ಸಿಗಲಿಲ್ಲ. ಡ್ರಮ್ಮು ಕೇಳುವವರು ಬಾಗಿಲಲ್ಲಿ ನಿಂತಿದ್ದರು. "ತೆಂಗಿನ ನಾರಿನ ಹಗ್ಗ ಜೇಡಿಮಣ್ಣಿಗೆ ಅದ್ದಿ ಸುತ್ತಿ," ಎಂದ ಪದ್ದಣ್ಣ, "ಯಾರಿಗ್ ಗೊತ್ತಾತ್ತ್?" ಸ್ವಲ್ಪ ದಿನ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ತ್ರಾಸಿಯ ಹತ್ತಿರ ಮಣ್ಣು ಬಿರಿದು, ಹಗ್ಗ ಒಳಗೊಳಗೇ ಉರಿದು, ನೋಡಲು ಬಗ್ಗಿದ ಶೇಖರನ ಮುಖಕ್ಕೆ ಡ್ರಮ್ಮು ಬೆಂಕಿ ಕಾರಿತು. ಅವನು ಉರಿಯುತ್ತಲೇ ರಸ್ತೆ ದಾಟಿ ಸಮುದ್ರದ ಕಡೆಗೆ ಓಡಿದ. ನೀರು ಮುಟ್ಟಿದ ಎಂದು ಕೆಲವರು, ಇಲ್ಲ ಎಂದು ಕೆಲವರು.

ಮದುವೆಯಾಗದ ಹುಡುಗನನ್ನು ಸುಡುವುದಿಲ್ಲ, ಹೂಳುವುದು. ಅಪ್ಪಿ ಅವನನ್ನು ಮಾವಿನ ಬುಡದಲ್ಲಿ ಮಲಗಿಸಿದಳು. ಮಾರನೆಯ ದಿನ ಕರಟಿದ ಆ ಹಗ್ಗದ ತುಂಡನ್ನು ಹಿಡಿದು ಕಾರ್ಖಾನೆಗೆ ಬಂದಳು. ಪದ್ದಣ್ಣ ನೋಡಲಿಲ್ಲ. ಮುತ್ತ ಅವಳನ್ನು ಕೂದಲು ಹಿಡಿದು ರಸ್ತೆಗೆ ಎಳೆದು ಹಾಕಿದ. ಡ್ರಮ್ಮು ಬಡಿಯುವ ಸದ್ದು ನಿಲ್ಲಲೇ ಇಲ್ಲ. ಆ ವರ್ಷ ವ್ಯಾಪಾರ ಎಲ್ಲ ವರ್ಷಕ್ಕಿಂತ ಹೆಚ್ಚಾಯಿತು.

ಮಳೆಗಾಲ ಕಳೆದ ಮೇಲೆ ಇದ್ದಿಲಿಗೆ ಆ ಮರವನ್ನೂ ಕೇಳಿದ ಪದ್ದಣ್ಣ. ಅಪ್ಪಿ ಕತ್ತಿ ಹಿಡಿದು ಹಗಲಿರುಳು ಬುಡದಲ್ಲಿ ಕೂತಳು. "ಇರ್ಲಿ, ಎಲ್ಲಿಗ್ ಹೋತ್ತ್," ಎಂದು ಆತ ನಕ್ಕಿದ್ದ.

*

ಮೊದಲ ಏಟು ಬುಡಕ್ಕೆ ಬಿತ್ತು. ಬಿಳಿಯ ಚಕ್ಕೆಯೊಂದು ಹಾರಿ ದಿಬ್ಬದ ಮೇಲೆ ಬಿತ್ತು. ಅಪ್ಪಿ ಕತ್ತಿ ಬೀಸಿದಳು. ಮುತ್ತನ ಮುಂಗೈಯಲ್ಲಿ ಕೆಂಪು ಗೆರೆ ಮೂಡಿತು. ಇನ್ನಿಬ್ಬರು ಅವಳನ್ನು ಹಿಡಿದು ನೆಲಕ್ಕೆ ಒತ್ತಿದರು. ಒಬ್ಬ ಅವಳ ಬೆನ್ನ ಮೇಲೆ ಮೊಣಕಾಲೂರಿದ. ಹೊಯಿಗೆಯಲ್ಲಿ ಮುಖವಿಟ್ಟುಕೊಂಡೇ ಅವಳು ಮಗನಿಗೆ ಹೇಳುತ್ತಿದ್ದಳು: "ಏಳ್ಬೇಡ ಮಗಾ, ಏಳ್ಬೇಡ, ನಿಂಗಲ್ಲ, ಮರಕ್ಕೆ…"

"ಮುತ್ತ, ನಿಲ್ಸ್," ಎಂದಳು ತುಂಗಾ.

"ಹೆಂಗ್ಸ್ರ್ ಬಪ್ಪ ಜಾಗ ಅಲ್ಲ ಇದ್. ಒಳಗ್ ಹೋಯ್ನಿ ಸಣ್ಣಮ್ಮ." ಎರಡನೆಯ ಏಟು.

"ನಿಲ್ಸ್ ಅಂದೆ. ಅಪ್ಪಯ್ಯನ್ನ ಬೇರೆ ಎಂತದ್ರಗಾದ್ರೂ ಸುಡುವಾ."

"ತೆಂಗಿನ್ ಮಡಲಿನಗೆ ಸುಡುಕೆ ಅವ್ರೆಂತ ಭಿಕ್ಷುಕ್ರಾ? ಜನ ನೆಗಾಡ್ತ್ರ್. ಇವತ್ ನೆಗಾಡ್ರೆ ನಾಳೆ ನಮ್ ದೋಣಿ ನಿಲ್ತ್, ನಾಡಿದ್ದ್ ಕಾರ್ಖಾನೆ ನಿಲ್ತ್." ಅವನು ಕೊಡಲಿ ಎತ್ತಿದ. ಈ ಸಲ ಮೇಲಕ್ಕೆ ಎದ್ದಿದ್ದ ಬೇರಿನ ಕಡೆಗೆ, ದಿಬ್ಬದ ಅಂಚಿಗೆ.

ಆಳುಗಳು ಬಿಟ್ಟ ಕೊಡಲಿಯೊಂದು ಗೇರು ಮರಕ್ಕೆ ಒರಗಿತ್ತು. ತುಂಗಾ ಅದನ್ನು ಯಾವಾಗ ಎತ್ತಿಕೊಂಡಳೋ ಅವಳಿಗೇ ಗೊತ್ತಾಗಲಿಲ್ಲ. ತಿರುಗಿಸಿ ಹಿಡಿದು, ಅದರ ಮೊಂಡು ಬದಿಯಿಂದ, ಮುತ್ತನ ಮಣಿಕಟ್ಟಿಗೆ ಬೀಸಿದಳು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ಮುತ್ತನ ಕೊಡಲಿ ಕಾಲ ಬಳಿ ಬಿತ್ತು. ಅವನು ಅರಚಲಿಲ್ಲ. ಬಾಯಿ ತೆರೆದು ಅವಳನ್ನೇ ನೋಡಿದ. ಅವಳು ಮತ್ತೆ ಬೀಸಿದಳು, ಹೆಗಲಿಗೆ. ಅವನು ಮೊಣಕಾಲೂರಿ ಕೂತ. ಮೂರನೆಯ ಏಟು ಎತ್ತಿದಾಗ ಅವಳಿಗೆ ಕೈಯಲ್ಲೆಲ್ಲ ಒಂದು ಬೆಚ್ಚನೆಯ ಸುಖ ಹರಿದಂತಾಯಿತು, ನಿಲ್ಲಿಸಲು ಮನಸ್ಸಾಗಲಿಲ್ಲ.

"ಅಪ್ಪಿನ ಬಿಡ್ರಾ," ಎಂದಳು, ಎತ್ತಿದ ಕೊಡಲಿಯನ್ನು ಇಳಿಸದೆ. ದನಿ ಮೃದುವಾಗಿತ್ತು. ಆಳುಗಳು ಬೆಂಕಿ ಮುಟ್ಟಿದವರಂತೆ ಅಪ್ಪಿಯನ್ನು ಬಿಟ್ಟರು.

ಮುತ್ತ ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಗೊತ್ತಿಕೊಂಡ. ಅವನ ಕಣ್ಣಿನಲ್ಲಿ ಸಿಟ್ಟನ್ನು ಹುಡುಕಿದಳು ತುಂಗಾ. ಇರಲಿಲ್ಲ. ಅಲ್ಲಿದ್ದದ್ದು ಒಂದು ಬಗೆಯ ಸಮಾಧಾನ, ದಾರಿ ತಪ್ಪಿದ ದನಕ್ಕೆ ಕೊಟ್ಟಿಗೆ ಕಂಡ ಹಾಗೆ.

"ಎಂತದ್ರಗೆ ಸುಡುದ್ ಹೇಳಿನಿ," ಎಂದ. "ಹೇಳಿದಾಂಗೆ ಮಾಡ್ತೆ, ಒಡ್ತಿ."

"ಇದ್ದಿಲಿತ್ತಲ್ಲ," ಎಂದಳು ತುಂಗಾ. "ಊರಿನ ಮಾವೆಲ್ಲ ಅದ್ರಗೇ ಇತ್."

*

ಕಡಲ ಬದಿಯ ಹೊಯಿಗೆಯಲ್ಲಿ ಹೊಂಡ ತೋಡಿ ಗೋಣಿಗಳನ್ನು ಬರಿದು ಮಾಡಿದರು. ಕೋಟೇಶ್ವರದ್ದು, ಕುಂಭಾಶಿಯದ್ದು, ಸಾಲಿಗ್ರಾಮದ್ದು, ಯಾರ ಯಾರದೋ ಹಿತ್ತಿಲಿನ ಮಾವು ಕರ್ರಗೆ ರಾಶಿ ಬಿತ್ತು. ಸುಬ್ಬಯ್ಯ ಕೊಳ್ಳಿಯಿಟ್ಟ. ಆದರೆ ಇದ್ದಿಲಿಗೆ ಗಾಳಿ ಬೇಕು, ಸುಮ್ಮನೆ ಹತ್ತುವುದಿಲ್ಲ. ರಾಜೀವನೇ ಹೋಗಿ ರಸ್ತೆಯಲ್ಲಿ ನಿಂತಿದ್ದ ಬಸ್ಸೊಂದರಿಂದ ಗಾಳಿಚಕ್ರ ಕಳಚಿ ತಂದ. ಡ್ರೈವರುಗಳು, ಬಸ್ಸಿನ ಧಣಿಗಳು ಸರದಿಯಲ್ಲಿ ಅದನ್ನು ತಿರುಗಿಸಿದರು.

"ಬದ್ಕಿದ್ದಾಗ್ಳೂ ತಿರ್ಗ್ಸಿದ್ರ್, ಸತ್ತ್ ಮೇಲೂ ತಿರ್ಗ್ಸ್ತ್ರಲ್ಲ ಮರ್ರೆ!"

"ನಿಲ್ಸ್‌ಬೇಡ ನಿಲ್ಸ್‌ಬೇಡ. ಅರ್ಧ ಬೆಂದ್ರೆ ಎದ್ ಬತ್ತ್ರ್."

ಯಾರೋ ಆಚೆ ನೋಡಿ "ಶ್!" ಎಂದರು. ಹೆಂಗಸರು ಬರಬಾರದ ಜಾಗ. ತುಂಗಾ ಗಾಳಿಮರಗಳ ಅಂಚಿನಲ್ಲಿ ನಿಂತಿದ್ದಳು. ಎಲ್ಲರೂ ಒಮ್ಮೆಗೇ ನಗು ನುಂಗಿ ಚಕ್ರಕ್ಕೆ ಜೋತುಬಿದ್ದರು. ಕೆಂಡ ಹೊಗೆಯಿಲ್ಲದೆ ಉರಿಯಿತು. ಆ ಕೆಂಪಿನೊಳಗೆ ಅಪ್ಪ ಮೊದಲು ಕಪ್ಪಾಗಿ, ಆಮೇಲೆ ಕೆಂಪಾಗಿ, ಆಮೇಲೆ ಬೆಳ್ಳಗಾಗಿ ಹೋಗುವುದು ಏನೂ ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು.

ಹೊತ್ತು ಇಳಿಯುತ್ತಿರುವಾಗ ಅವಳು ಹಿಂದಿರುಗಿದಳು. ದಾರಿಯಲ್ಲಿ ನಿಂತವರು ಬದಿಗೆ ಸರಿದು ಜಾಗ ಬಿಟ್ಟರು. ರಾಜೀವ ಹೆಗಲ ಮೇಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾಳೆ ಬಸ್ ಬಿಡುದಾ, ಒಡ್ತಿ? ನನ್ ಆ್ಯಕ್ಸಲ್ ಇರ್ಲ್ಯಾ?"

ಇರಲಿ ಎನ್ನಬೇಕೆಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಕೆನ್ನೆಯನ್ನು ಸ್ವಲ್ಪ ಓರೆ ಮಾಡಿದ, ಏಟು ಬಿದ್ದರೆ ಕಣ್ಣಿಗೆ ತಾಗದಿರಲಿ ಎನ್ನುವವನ ಹಾಗೆ.

ಅವಳು ಮುಂದೆ ನಡೆದಳು. ಕೈಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿಸಿಕೊಂಡ ಮುತ್ತ ಎಡಗೈಯಲ್ಲಿ ಅವಳಿಗೆ ಕೊಡೆ ಹಿಡಿದು ಹಿಂದೆ ಬಂದ. ಬಿಸಿಲಿರಲಿಲ್ಲ.

ಗೇರು ಮರದ ಹತ್ತಿರ ಅಪ್ಪಿ ಬಗ್ಗಿ ಏನೋ ಮಾಡುತ್ತಿದ್ದಳು. ಎರಡು ಹಿತ್ತಿಲುಗಳ ನಡುವೆ, ಎಂದೂ ಬೇಲಿಯಿರದ ಕಡೆ, ಗೂಟ ಹುಗಿದು ಕಾರೆಮುಳ್ಳಿನ ಕೊಂಬೆಗಳನ್ನು ಒಂದರ ಮೇಲೊಂದು ಎಳೆದು ಹಾಕುತ್ತಿದ್ದಳು. ಅವಳ ಕೈಯೆಲ್ಲ ಗೀರಿ ರಕ್ತ ಬಂದಿತ್ತು. ಕೆನ್ನೆ ಬಾತಿತ್ತು.

"ಅಪ್ಪಿಯಕ್ಕ," ಎಂದಳು ತುಂಗಾ. "ಮರದ ಗಾಯಕ್ಕೆ ಸೆಗಣಿ ಮೆತ್ತುಕೆ ನಾನೂ ಬತ್ತೆ."

ಅಪ್ಪಿ ಅವಳ ಮುಖ ನೋಡಲಿಲ್ಲ. ಅವಳ ಬಲಗೈಯನ್ನು ನೋಡಿದಳು. ಆಮೇಲೆ ಅವಳ ಹಿಂದಿದ್ದ ಕೊಡೆಯನ್ನು. ಮತ್ತೆ ಬಗ್ಗಿ ಇನ್ನೊಂದು ಕೊಂಬೆ ಎತ್ತಿಕೊಂಡಳು. ಮುಳ್ಳು ತುಂಗಾಳ ಸೊಂಟದ ಎತ್ತರಕ್ಕೆ ಬಂತು. ಇನ್ನೊಂದಕ್ಕೆ ಎದೆಯ ಎತ್ತರ. ಅಪ್ಪಿ ಏದುಸಿರು ಬಿಡುತ್ತ, ತನಗಿಂತ ದೊಡ್ಡದಾದ ಕೊಂಬೆಯೊಂದನ್ನು ಎರಡೂ ಕೈಯಲ್ಲಿ ಮೇಲೆತ್ತಿ, ಇಬ್ಬರ ಮುಖದ ನಡುವೆ ಇಟ್ಟಳು.